ಅಳತೆಯ ದಾರ

ಚಿತ್ರದುರ್ಗದಲ್ಲಿ ಓದಿ ಬೆಳೆದವಳಿಗೆ ಕೋಟೆ ತೋರಿಸುತ್ತೇನೆ ಬಾ ಎಂದು ಯಾರಾದರೂ ಕರೆದರೆ ನಗು ಬರುತ್ತದೋ ಇಲ್ಲವೋ ನೀವೇ ಹೇಳಿ. ಏಳು ಸುತ್ತಿನ ಕೋಟೆಯನ್ನು ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ನಾನು ಹತ್ತಿ ಇಳಿದದ್ದಕ್ಕೆ ಲೆಕ್ಕವೇ ಇಲ್ಲ. ಒಬವ್ವನ ಕಿಂಡಿಯ ಹತ್ತಿರ ಪ್ರತಿ ವರ್ಷ ಅದೇ ಕಥೆ, ಅದೇ ಒನಕೆ, ನೀರಿನ ಬಾಟಲಿ ಕಳೆದುಕೊಂಡು ಅಳುವ ಅದೇ ಒಬ್ಬ ಹುಡುಗ. ಆದ್ದರಿಂದ ಅಳಿಯ ಇಂಟರ್‌ನೆಟ್ಟಿನಲ್ಲಿ ಟಿಕೆಟ್ಟು ತೆಗೆದು, "ಅತ್ತೆ, ನಾಳೆ ನೀವಿಬ್ಬರೂ ಪುಟ್ಟಿಯನ್ನು ಕರ್ಕೊಂಡು ಸ್ಟರ್ಲಿಂಗ್ ಕೋಟೆ ನೋಡ್ಕೊಂಡು ಬನ್ನಿ, ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್ಸು" ಎಂದಾಗ, ಸಮಾಜ ವಿಜ್ಞಾನದ ಮೇಡಂ ಆದ ನಾನು ಬಹಳ ಉತ್ಸಾಹವನ್ನೇನೂ ತೋರಿಸಲಿಲ್ಲ.

ನಾನು ಎಡಿನ್‌ಬರೋಗೆ ಹೋಗಿದ್ದು ಊರು ನೋಡುವುದಕ್ಕಲ್ಲ. ಹೆರಿಗೆಯ ಹೊತ್ತಿಗೆ ಶಾಲೆಯಲ್ಲಿ ಪರೀಕ್ಷೆ, ರಜೆ ಸಿಗಲಿಲ್ಲ; ಬಾಣಂತನವನ್ನು ಬೀಗಿತ್ತಿಯವರೇ ಬಂದು ಮಾಡಿ ಹೋಗಿದ್ದರು. ನನ್ನ ಪಾಳಿ ಬಂದದ್ದು ಬೇಸಿಗೆ ರಜೆಯಲ್ಲಿ. ಸರ್ಕಾರಿ ನೌಕರರು ವಿದೇಶಕ್ಕೆ ಹೋಗಬೇಕಾದರೆ ಇಲಾಖೆಯಿಂದ ಪಡೆಯಬೇಕಾದ ಅನುಮತಿ ಪತ್ರಕ್ಕಾಗಿ ಎಷ್ಟು ಸಲ ಕಚೇರಿಯ ಮೆಟ್ಟಿಲು ಹತ್ತಿದೆ ಎಂಬುದನ್ನು ಬರೆಯಲು ಹೊರಟರೆ ಅದೇ ಇನ್ನೊಂದು ಕೋಟೆಯ ಕಥೆಯಾದೀತು. ಅಂತೂ ಆರು ವಾರ. ಮೊಮ್ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ರಾಗಿ ಸರಿ ಕಾಯಿಸುವುದು, ಕಿಟಕಿಯಿಂದ ಮಳೆ ನೋಡುವುದು. ಅದರಲ್ಲಿ ಐದು ವಾರ ಕಳೆದಿತ್ತು.

ಆ ವಾರದಲ್ಲೇ ಮಗಳು ಒಂದು ಮಾತು ಎತ್ತಿದ್ದಳು. ರಾತ್ರಿ ಪುಟ್ಟಿ ಮಲಗಿದ ಮೇಲೆ ಬಟ್ಟೆ ಮಡಿಸುತ್ತಾ, ನನ್ನ ಮುಖ ನೋಡದೆ, "ಅಮ್ಮ, ಇವಳನ್ನ ನೀನು ಕರ್ಕೊಂಡು ಹೋಗ್ತೀಯಾ? ಒಂದೂವರೆ ವರ್ಷ ಅಷ್ಟೆ" ಅಂದಳು. ಅವಳ ರಜೆ ಮುಗಿಯುತ್ತಾ ಬಂದಿತ್ತು. ಅಲ್ಲಿ ಶಿಶುವಿಹಾರಕ್ಕೆ ಕೊಡುವ ಹಣ ಕೇಳಿದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಅವಳ ಗೆಳತಿಯರಲ್ಲಿ ಇಬ್ಬರು ಮಕ್ಕಳನ್ನು ಹೀಗೆಯೇ ಊರಿಗೆ ಕಳಿಸಿದ್ದರಂತೆ, ಒಬ್ಬಳು ವಿಜಯವಾಡಕ್ಕೆ, ಇನ್ನೊಬ್ಬಳು ಪುಣೆಗೆ. ನಾನು "ನೋಡೋಣ" ಅಂದೆ. ಹಾಗೆಂದೆನೇ ಹೊರತು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಃಖಕ್ಕಲ್ಲ. ಪುಟ್ಟಿಯನ್ನು ಎತ್ತಿಕೊಂಡು ಬೆಂಗಳೂರಿನಲ್ಲಿ ವಿಮಾನ ಇಳಿಯುವುದು, ನಮ್ಮ ಮನೆಯ ಪಡಸಾಲೆಯಲ್ಲಿ ಅವಳು ಅಂಬೆಗಾಲಿಡುವುದು, ಇದನ್ನೆಲ್ಲ ಕಲ್ಪಿಸಿಕೊಳ್ಳುತ್ತಾ ಸಂತೋಷದಿಂದಲೇ ಎಚ್ಚರವಾಗಿದ್ದೆ. ಸತ್ಯ ಹೇಳಬೇಕಲ್ಲವೇ.

ಎಡಿನ್‌ಬರೋದಿಂದ ಸ್ಟರ್ಲಿಂಗಿಗೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಸೀರೆ, ಅದರ ಮೇಲೆ ಸ್ವೆಟರು, ಅದರ ಮೇಲೆ ಅಳಿಯನ ಕೋಟು, ಕಾಲಿಗೆ ಮಗಳ ಹಳೆಯ ಬೂಟು: ನನ್ನ ವೇಷವನ್ನು ನೀವು ನೋಡಬೇಕಿತ್ತು. ಚೀಲದಲ್ಲಿ ಮೊಸರನ್ನ, ಪುಳಿಯೋಗರೆ. ನಡುವೆ ಲಿನ್ಲಿತ್‌ಗೋ ಎಂಬ ಊರು ಬಂತು. ಮರಗಳಾಚೆ ದೊಡ್ಡದೊಂದು ಹಾಳು ಅರಮನೆ ರೈಲಿನಿಂದಲೇ ಕಾಣುತ್ತದೆ. ಮಗಳು ಗ್ರಂಥಾಲಯದಿಂದ ತಂದುಕೊಟ್ಟಿದ್ದ ಪುಸ್ತಕವನ್ನು ಆ ಐದು ವಾರದಲ್ಲಿ ಓದಿ ಮುಗಿಸಿದ್ದೆನಾದ್ದರಿಂದ ನನಗೆ ಗೊತ್ತಿತ್ತು. ಸ್ಕಾಟ್ಲೆಂಡಿನ ರಾಣಿ ಮೇರಿ ಹುಟ್ಟಿದ್ದು ಅಲ್ಲಿ, 1542ರ ಡಿಸೆಂಬರ್ 8ರಂದು. ಹುಟ್ಟಿದ ಆರನೆಯ ದಿನಕ್ಕೆ ತಂದೆ ಐದನೆಯ ಜೇಮ್ಸ್ ತೀರಿಕೊಂಡ. ನಮ್ಮಲ್ಲಾದರೆ ಮಗುವಿಗೆ ಹೆಸರಿಡುವ ಮುಂಚೆಯೇ ಕಾಲ್ಗುಣದ ಮಾತಾಡಿ ಮುಗಿಸುತ್ತಿದ್ದರು. ಅಲ್ಲಿ ಆ ಮಗುವನ್ನೇ ರಾಣಿ ಎಂದರು. ಇಂಗ್ಲೆಂಡಿನ ಎಂಟನೆಯ ಹೆನ್ರಿ ಅದನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಹಟ ಹಿಡಿದ. ಆಗ ತಾಯಿ ಮೇರಿ ಆಫ್ ಗೀಸ್ 1543ರ ಜುಲೈಯಲ್ಲಿ ಕೂಸನ್ನು ಕರೆದುಕೊಂಡು, ಸೈನ್ಯದ ಕಾವಲಿನಲ್ಲಿ, ಭದ್ರವಾದ ಸ್ಟರ್ಲಿಂಗ್ ಕೋಟೆ ಸೇರಿದಳು. ನಾವು ಹೊರಟಿದ್ದೂ ಹೆಚ್ಚುಕಡಿಮೆ ಅದೇ ದಾರಿ. ಕಾವಲಿಗೆ ಮಾತ್ರ ಟಿಕೆಟ್ ಕಲೆಕ್ಟರ್ ಒಬ್ಬ.

ಸ್ಟೇಷನ್ನಿನಿಂದ ಕೋಟೆಗೆ ಏರುದಾರಿ. ಹಳೆಯ ಊರಿನ ಕಲ್ಲುಹಾಸಿನ ಮೇಲೆ ಮಗುವಿನ ತಳ್ಳುಗಾಡಿ ಗಡಗಡ ಎಂದು, ಕೊನೆಗೆ ಮಗಳು ಪುಟ್ಟಿಯನ್ನು ಎದೆಗೆ ಕಟ್ಟಿಕೊಂಡಳು, ಖಾಲಿ ಗಾಡಿ ನನ್ನ ಪಾಲಾಯಿತು. ಕಡಿದಾದ ಬಂಡೆಯ ತಲೆಯ ಮೇಲೆ ಕೋಟೆ. ಕೆಳಗೆ ಬಯಲು, ಬಯಲಿನಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುವ ಫೋರ್ತ್ ನದಿ. ಉತ್ತರಕ್ಕೆ ಹೋಗಬೇಕಾದವರೆಲ್ಲ ಇದರ ಕಣ್ಣಳತೆಯಲ್ಲೇ ನದಿ ದಾಟಬೇಕಿತ್ತು. ಹಾಗಾಗಿ 1297ರಲ್ಲಿ ಸೇತುವೆಯ ಹತ್ತಿರ ಒಂದು ಯುದ್ಧ, 1314ರಲ್ಲಿ ಬ್ಯಾನಕ್‌ಬರ್ನಿನಲ್ಲಿ ಇನ್ನೊಂದು. ಹೆಬ್ಬಾಗಿಲ ಮುಂದಿನ ಬಯಲಿನಲ್ಲಿ ರಾಬರ್ಟ್ ಬ್ರೂಸನ ಪ್ರತಿಮೆ. ತರಗತಿಯಾಗಿದ್ದರೆ ಇದಕ್ಕೆ ಒಂದು ಪೀರಿಯಡ್ ಬೇಕಾಗುತ್ತಿತ್ತು. ಅಂದು ನನಗೆ ಯುದ್ಧದ ಮೇಲೆ ಮನಸ್ಸಿರಲಿಲ್ಲ.

ಒಳಗೆ ಹೋದರೆ ಮೊದಲು ಕಣ್ಣಿಗೆ ಹೊಡೆಯುವುದು ನಾಲ್ಕನೆಯ ಜೇಮ್ಸ್ ಕಟ್ಟಿಸಿದ ದೊಡ್ಡ ಸಭಾಂಗಣ. ಹೊರಗೋಡೆಗೆಲ್ಲ ಸುಣ್ಣದಲ್ಲಿ ಅರಿಶಿನ ಕಲಸಿ ಬಳಿದಂಥ ಬಣ್ಣ. ಮೊದಲು ಹೀಗೇ ಇತ್ತೆಂದು 1999ರಲ್ಲಿ ಮತ್ತೆ ಬಳಿದರಂತೆ. ಊರಿನ ಕೆಲವರಿಗೆ ಹಿಡಿಸಲಿಲ್ಲವಂತೆ. ಕಪ್ಪು ಕಲ್ಲಿನ ನಡುವೆ ಇದೇನು ಹಳದಿ ಎಂದು. ನನಗಂತೂ ಹಬ್ಬದ ಮನೆಯ ಹೊಸ್ತಿಲು ನೆನಪಾಯಿತು.

ಅದರ ಪಕ್ಕದಲ್ಲೇ ಐದನೆಯ ಜೇಮ್ಸ್ ತನ್ನ ಫ್ರೆಂಚ್ ಹೆಂಡತಿಗಾಗಿ ಕಟ್ಟಿಸಲು ತೊಡಗಿದ ಅರಮನೆ. ಮುಗಿಯುವ ಹೊತ್ತಿಗೆ ಅವನೇ ಇರಲಿಲ್ಲ. ಆಮೇಲೆ ಎಷ್ಟೋ ಕಾಲ ಕೋಟೆ ಸೈನ್ಯದ ಕೈಯಲ್ಲಿತ್ತು, 1964ರವರೆಗೂ. ರಾಣಿಯ ಕೋಣೆಗಳಿಗೆ ಮತ್ತೆ ಬಣ್ಣ, ಮಂಚ, ಪರದೆ ಎಲ್ಲ ಬಂದು ಜನರಿಗೆ ತೆರೆದದ್ದು 2011ರಲ್ಲಿ. ಚಾವಣಿಗೆ ಓಕ್ ಮರದಲ್ಲಿ ಕೆತ್ತಿದ ದೊಡ್ಡ ದೊಡ್ಡ ಮುಖಗಳು, ಒಂದೊಂದೂ ಹಪ್ಪಳದ ಮಣೆಗಿಂತ ಎಷ್ಟೋ ದೊಡ್ಡದು. ಅವುಗಳ ಮೂಲವನ್ನು ಮಹಡಿಯ ಮೇಲೆ ಬೇರೆ ಇಟ್ಟಿದ್ದಾರೆ. ಹಳೆಯ ಕಾಲದ ಉಡುಪು ತೊಟ್ಟ ಹೆಂಗಸರು ಅಲ್ಲಲ್ಲಿ ನಿಂತು, ರಾಣಿಯ ಸಖಿಯರಂತೆಯೇ ಮಾತಾಡುತ್ತಾರೆ. ಅದು ಅವರ ಕೆಲಸ.

ಅಂಥ ಒಬ್ಬಾಕೆ ನನ್ನ ಸೀರೆಯನ್ನು ಮೆಚ್ಚಿ, ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿದಳು. ಒಂಬತ್ತು ಎಂದಳು ಮಗಳು. "ಓಹೋ, ಪಟ್ಟಾಭಿಷೇಕದ ದಿನ ನಮ್ಮ ರಾಣಿಗೂ ಅಷ್ಟೇ ವಯಸ್ಸು" ಎಂದು ಆಕೆ ಲಂಗವನ್ನು ಎರಡೂ ಕೈಯಲ್ಲಿ ಹಿಡಿದು ಪುಟ್ಟಿಗೆ ಬಗ್ಗಿ ನಮಸ್ಕರಿಸಿದಳು. ಪುಟ್ಟಿ ಆಕೆಯ ಟೋಪಿಯ ಮುತ್ತಿಗೆ ಕೈ ಹಾಕಿತು.

ನಾನು ನಕ್ಕೆ, ಆಮೇಲೆ ಪುಟ್ಟಿಯನ್ನೇ ನೋಡಿದೆ. ಒಂಬತ್ತು ತಿಂಗಳು ಎಂದು ಪುಸ್ತಕದಲ್ಲಿ ಓದುವುದು ಬೇರೆ. ಎರಡು ಹಲ್ಲು, ಜೊಲ್ಲು, ಒಂದು ಕಾಲಿನಲ್ಲಿ ಮಾತ್ರ ಕಾಲುಚೀಲ. ಇಷ್ಟು ಕೂಸಿಗೆ 1543ರ ಸೆಪ್ಟೆಂಬರ್ 9ರಂದು ಈ ಕೋಟೆಯ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಪಟ್ಟ ಕಟ್ಟಿದರು. ಈಗ ಅಂಗಳದಲ್ಲಿರುವ ಮಂದಿರ ಅದಲ್ಲ, 1594ರದ್ದು. ದೊಡ್ಡ ದೊಡ್ಡ ಗಂಡಸರು ಕಿರೀಟ, ರಾಜದಂಡ, ಕತ್ತಿ ಹಿಡಿದುಕೊಂಡು ನಡೆದರಂತೆ. ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಎಷ್ಟೋ ರಾಜರ ಪಟ್ಟಾಭಿಷೇಕದ ಇಸವಿಯನ್ನು ಮಕ್ಕಳಿಂದ ಉರು ಹೊಡೆಸಿದ್ದೇನೆ. ಆ ಹೊತ್ತಿನಲ್ಲಿ ಕೂಸು ಹಾಲು ಕುಡಿದಿತ್ತೋ ಇಲ್ಲವೋ ಎಂದು ಯೋಚಿಸಿದ್ದು ಇದೇ ಮೊದಲು.

ರಾಣಿಯ ಕೋಣೆಯಲ್ಲಿ ನಾವು ಬಹಳ ಹೊತ್ತು ನಿಂತದ್ದು ಗೋಡೆಗೆ ತೂಗುಬಿಟ್ಟ ನೇಯ್ಗೆಯ ಚಿತ್ರಗಳ ಮುಂದೆ. ಒಂಟಿಕೊಂಬಿನ ಬಿಳಿ ಕುದುರೆಯ ಬೇಟೆಯ ಕಥೆ, ಏಳು ಪರದೆಗಳು. ಮೂಲ ಐನೂರು ವರ್ಷ ಹಳೆಯದು, ನ್ಯೂಯಾರ್ಕಿನಲ್ಲಿದೆ. ಅದನ್ನು ನೋಡಿಕೊಂಡು ಇವನ್ನು ಹೊಸದಾಗಿ ಕೈಯಲ್ಲೇ ನೇಯ್ದರು. 2001ರಲ್ಲಿ ತೊಡಗಿದ ಕೆಲಸ ಮುಗಿಯಲು ಹದಿಮೂರು ಹದಿನಾಲ್ಕು ವರ್ಷ ಹಿಡಿಯಿತು. ಹೂವೊಂದರ ಎಸಳಿಗೆ ನಾಲ್ಕು ಬಣ್ಣದ ಉಣ್ಣೆ ನೂಲು. ಕೊನೆಯದರಲ್ಲಿ ಕುದುರೆಯನ್ನು ಸಣ್ಣ ಬೇಲಿಯೊಳಗೆ ಸರಪಳಿ ಕಟ್ಟಿ ಕೂಡಿಸಿದ್ದಾರೆ. ಬೇಲಿ ಎಷ್ಟು ಕುಳ್ಳು ಎಂದರೆ ಹಾರಿ ಹೋಗಬಹುದಿತ್ತು. ಹಾರಿಲ್ಲ.

ಮಗ್ಗದ ಕೆಲಸ ನನಗೆ ಗೊತ್ತು. ನನ್ನ ಮೊದಲ ನೌಕರಿ ಮೊಳಕಾಲ್ಮೂರು ತಾಲ್ಲೂಕಿನ ಹಳ್ಳಿಯಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ರೇಷ್ಮೆ ಸೀರೆ ನೇಯುವವರ ಮಕ್ಕಳು. ಗುಂಡಿಮಗ್ಗದ ಸದ್ದಿಗೇ ಬೆಳಗಾಗುತ್ತಿತ್ತು. ಹೇಳಬಾರದೆಂದರೂ ಮಾತು ಅಲ್ಲಿಗೇ ಬರುತ್ತದೆ, ನೋಡಿ.

1996ರ ಜೂನ್. ಮಗಳಿಗೆ ಒಂದೂವರೆ ವರ್ಷ. ನನ್ನವರು ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದರು. ಹಳ್ಳಿಯಲ್ಲಿ ನನಗೆ ಸಿಕ್ಕಿದ್ದು ಒಂದು ಕೋಣೆ, ನೀರು ಅರ್ಧ ಮೈಲಿಯಾಚೆ. ಶಾಲೆಗೆ ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಹೊಸದುರ್ಗದಲ್ಲಿದ್ದ ನಮ್ಮಮ್ಮ, "ಬಿಟ್ಟು ಹೋಗು, ನೀನು ಬೆಳೆದ ಮನೇಲಿ ಅವಳೂ ಬೆಳೀತಾಳೆ" ಅಂದರು. ಬಿಟ್ಟು ಹೋದೆ. ಎರಡು ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ಹೊರಟು ಬಸ್ಸು ಬದಲಿಸಿ ಬದಲಿಸಿ ರಾತ್ರಿ ಮನೆ ಸೇರಿದರೆ, ಭಾನುವಾರ ಮಧ್ಯಾಹ್ನ ವಾಪಸ್ಸು. ಮೊದಲ ದಸರೆ ರಜೆಗೆ ಹೋದಾಗ ಮಗಳು ನಮ್ಮಮ್ಮನ ಸೆರಗಿನ ಹಿಂದೆ ಸರಿದು ನಿಂತು ನನ್ನನ್ನು ನೋಡಿದಳು. ನಮ್ಮಮ್ಮನನ್ನು 'ಅಮ್ಮ' ಎನ್ನುತ್ತಿದ್ದಳು. ನಾನು ಯಾರು ಎಂದರೆ 'ಬಸ್ಸಮ್ಮ'. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಹಿತ್ತಲಿಗೆ ಹೋಗಿ ಹಂಡೆಗೆ ನೀರು ತುಂಬಿಸಿದೆ, ತುಂಬಿದ ಹಂಡೆಗೇ ಮತ್ತೆ ತುಂಬಿಸಿದೆ.

ಮೂರು ವರ್ಷದ ಮೇಲೆ ವರ್ಗವಾಯಿತು. ನೌಕರಿ ಬಿಡಬೇಕಿತ್ತೆಂದು ನನಗೆ ಅಂದೂ ಅನ್ನಿಸಿಲ್ಲ, ಇಂದೂ ಅನ್ನಿಸುವುದಿಲ್ಲ. ಆ ಸಂಬಳದಿಂದಲೇ ಅವಳು ಓದಿದಳು, ನನ್ನ ತಮ್ಮನೂ ಓದಿದ. ಆದರೂ ಒಂದು ವಿಷಯ ಇದೆ. ಹಳ್ಳಿಯಲ್ಲಿ ಮಗಳಿಗಾಗಿ ಬಟ್ಟೆ ತಂದು ಫ್ರಾಕು ಹೊಲಿಸುತ್ತಿದ್ದೆ. ಅಂದಾಜಿನ ಅಳತೆ. ತೆಗೆದುಕೊಂಡು ಹೋದರೆ ಪ್ರತಿ ಸಲವೂ ಗಿಡ್ಡ. ನನ್ನ ಲೆಕ್ಕದಲ್ಲಿ ಮಗಳು ಯಾವಾಗಲೂ ಎರಡು ತಿಂಗಳು ಚಿಕ್ಕವಳು.

ಆ ಕೋಣೆಯ ಒಡತಿ ಮೇರಿ ಆಫ್ ಗೀಸಳ ಒಂದು ಸಂಗತಿ ಪುಸ್ತಕದಲ್ಲಿ ಓದಿದಾಗಿನಿಂದ ನನ್ನನ್ನು ಬಿಟ್ಟಿರಲಿಲ್ಲ. ಸ್ಕಾಟ್ಲೆಂಡಿಗೆ ಬರುವ ಮುಂಚೆ ಆಕೆಗೆ ಫ್ರಾನ್ಸಿನಲ್ಲಿ ಒಂದು ಮದುವೆಯಾಗಿ, ಗಂಡ ಸತ್ತು, ಒಬ್ಬ ಮಗನಿದ್ದ, ಫ್ರಾನ್ಸ್ವಾ. 1538ರಲ್ಲಿ ಐದನೆಯ ಜೇಮ್ಸನನ್ನು ಮದುವೆಯಾಗಿ ಹಡಗು ಹತ್ತಿದಾಗ ಅವನಿಗೆ ಎರಡೂವರೆ ವರ್ಷ. ಅವನು ಆ ಮನೆತನದ ವಾರಸುದಾರ, ಕರೆತರುವಂತಿಲ್ಲ. ಅಜ್ಜಿಯ ಹತ್ತಿರ ಬಿಟ್ಟು ಬಂದಳು. ಅಲ್ಲಿಂದ ಕಾಗದಗಳು ಬರುತ್ತಿದ್ದವು. ಒಂದು ಸಲ ಕಾಗದದ ಜೊತೆ ಒಂದು ದಾರ ಬಂತು. ಮಗ ಎಷ್ಟು ಎತ್ತರವಾಗಿದ್ದಾನೆ ಎಂದು ತೋರಿಸಲು, ಅವನ ಅಳತೆಗೆ ಕತ್ತರಿಸಿದ ದಾರ.

ಈ ಅರಮನೆಯ ಯಾವ ಕಿಟಕಿಯ ಹತ್ತಿರ ಆಕೆ ಆ ದಾರವನ್ನು ಬಿಚ್ಚಿ ಹಿಡಿದು ನೋಡಿದ್ದಾಳು? ಅಥವಾ ಬೇರೆ ಯಾವುದಾದರೂ ಅರಮನೆಯಲ್ಲಿ ಇದ್ದಿರಬಹುದು. ಇಲ್ಲಿ ಹುಟ್ಟಿದ ಅವಳ ಇಬ್ಬರು ಗಂಡುಮಕ್ಕಳು 1541ರಲ್ಲಿ ಒಟ್ಟೊಟ್ಟಿಗೇ ಸತ್ತರು. ಉಳಿದ ಮಗಳು ಮೇರಿಯನ್ನೂ ಇಂಗ್ಲಿಷರ ಭಯಕ್ಕೆ 1548ರಲ್ಲಿ, ಐದು ವರ್ಷದವಳನ್ನು, ಫ್ರಾನ್ಸಿಗೆ ಹಡಗು ಹತ್ತಿಸಬೇಕಾಯಿತು. ಎರಡು ವರ್ಷದ ಮೇಲೆ ತಾಯಿ ಅಲ್ಲಿಗೆ ಹೋಗಿ ಮಗ ಮಗಳಿಬ್ಬರನ್ನೂ ಕಂಡಳು. ಹಿಂದಿರುಗುವ ಹೊತ್ತಿಗೆ, 1551ರಲ್ಲಿ, ಹದಿನೈದು ವರ್ಷದ ಆ ಮಗನೂ ಕಾಯಿಲೆ ಬಿದ್ದು ತೀರಿಕೊಂಡ. ಮಗಳನ್ನು ಅಲ್ಲೇ ಬಿಟ್ಟು ಮತ್ತೆ ಇಲ್ಲಿಗೆ ಬಂದಳು, ರಾಜ್ಯ ನೋಡಿಕೊಳ್ಳಲು. ಮಗಳನ್ನು ಮತ್ತೆ ನೋಡಲಿಲ್ಲ.

ಅರಮನೆಯ ಹಿಂದೆ ಕೋಟೆಯಂಚಿನಲ್ಲಿ ಒಂದು ಜಾಗವಿದೆ, ಹೆಂಗಸರು ನಿಂತು ಹೊರಗೆ ನೋಡುವ ಕಟ್ಟೆ ಎಂದೇ ಅದಕ್ಕೆ ಹೆಸರು. ಕೆಳಗೆ ಹುಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಎಂಟು ಮೂಲೆಯ ದಿಬ್ಬ, ಹಳೆಯ ರಾಜೋದ್ಯಾನದ ಗುರುತು. ಗಾಳಿ ಎಂದರೆ ಗಾಳಿ. ಮೊಸರನ್ನದ ಡಬ್ಬಿಯ ಮುಚ್ಚಳ ಹಾರಿಹೋಗಿ ಒಬ್ಬ ಜರ್ಮನ್ ಮುದುಕ ಅದನ್ನು ಓಡಿ ಹಿಡಿದು ತಂದುಕೊಟ್ಟ. ಗೋಡೆಯ ಮರೆಗೆ ಕೂತು ಉಂಡೆವು.

"ಆ ಮಗುರಾಣಿ ಆಮೇಲೆ ಏನಾದಳು?" ಎಂದು ಮಗಳು ಕೇಳಿದಳು. ಇಷ್ಟು ವರ್ಷ ಈ ದೇಶದಲ್ಲಿದ್ದೂ ಅವಳಿಗೆ ಗೊತ್ತಿಲ್ಲ. ನಾನು ಪಾಠ ಮಾಡಿದೆ. ಮೇರಿ 1561ರಲ್ಲಿ ವಿಧವೆಯಾಗಿ ಹಿಂದಿರುಗಿದ್ದು, ಮತ್ತೆ ಮದುವೆಯಾಗಿದ್ದು, 1566ರಲ್ಲಿ ಅವಳಿಗೆ ಜೇಮ್ಸ್ ಹುಟ್ಟಿದ್ದು. ಆ ಡಿಸೆಂಬರಿನಲ್ಲಿ ಇದೇ ಕೋಟೆಯಲ್ಲಿ ಮಗುವಿನ ನಾಮಕರಣ. ಪಟಾಕಿ, ಔತಣ, ಇಂಗ್ಲೆಂಡಿನ ಎಲಿಜಬೆತ್ ರಾಣಿ ಕಳಿಸಿದ ಚಿನ್ನದ ತೊಟ್ಟಿ. ಮಗುವನ್ನು ಬೆಳೆಸಲು ಕೋಟೆಯ ಪಾಲಕರಾದ ಮಾರ್ ಮನೆತನದವರ ಕೈಗೆ ಕೊಟ್ಟರು. ರಾಜಮನೆತನದ ಮಕ್ಕಳಿಗೆ ಅಲ್ಲಿ ಹಾಗೆಯೇ ಪದ್ಧತಿ. 1567ರ ಏಪ್ರಿಲಿನಲ್ಲಿ ಮೇರಿ ಮಗನನ್ನು ನೋಡಿ ಹೋಗಲು ಬಂದಳು. ಎರಡು ದಿನ ಇದ್ದಳು. ಮಗುವಿಗೆ ಹತ್ತು ತಿಂಗಳು, ಅವಳಿಗೆ ಇಪ್ಪತ್ನಾಲ್ಕು ವರ್ಷ. ಮತ್ತೆ ಅವನನ್ನು ನೋಡಲಿಲ್ಲ.

"ಮತ್ತೆ ಅಂದರೆ?"

"ಎಂದೂ ಇಲ್ಲ. ಮೂರು ತಿಂಗಳೊಳಗೆ ಅವಳನ್ನು ಸೆರೆಯಲ್ಲಿಟ್ಟು, ಸಿಂಹಾಸನದಿಂದ ಇಳಿಸಿ, ಹದಿಮೂರು ತಿಂಗಳ ಕೂಸಿಗೆ ಪಟ್ಟ ಕಟ್ಟಿದರು. ನಾವು ಬರುವಾಗ ದೊಡ್ಡ ಇಗರ್ಜಿ ಸಿಕ್ಕಿತಲ್ಲ, ಅಲ್ಲೇ. ಅವಳು ಇಂಗ್ಲೆಂಡಿಗೆ ಓಡಿಹೋದಳು. ಅಲ್ಲೂ ಸೆರೆ, ಹತ್ತಿರ ಹತ್ತಿರ ಹತ್ತೊಂಬತ್ತು ವರ್ಷ. 1587ರಲ್ಲಿ ತಲೆ ತೆಗೆದರು."

ಮಗಳು ಪುಟ್ಟಿಯ ಬಾಯಿ ಒರೆಸುತ್ತಿದ್ದವಳು ನಿಲ್ಲಿಸಿದಳು.

ಮೇಷ್ಟರ ಜಾತಿಯವಳಾಗಿ ನನಗೆ ನಾಚಿಕೆಯಾಗುವುದು ಇನ್ನೊಂದು ವಿಷಯಕ್ಕೆ. ಆ ಹುಡುಗನಿಗೆ ಪಾಠ ಹೇಳಿದವನು ಜಾರ್ಜ್ ಬ್ಯುಕ್ಯಾನನ್, ಮಹಾಪಂಡಿತ. ಲ್ಯಾಟಿನ್ನನ್ನು ಹೊಡೆದೇ ಕಲಿಸಿದ. ಹುಡುಗನ ತಾಯಿಯ ಮೇಲೆ ಘೋರವಾದ ಪುಸ್ತಕವನ್ನೂ ಬರೆದವನು ಅವನೇ. ಯಾವ ಮಗುವಿನ ತಾಯಿಯ ಬಗ್ಗೆಯೂ ಮೇಷ್ಟರು ತರಗತಿಯಲ್ಲಿ ಕೆಟ್ಟ ಮಾತಾಡಬಾರದು ಎಂಬುದು ಬಿ.ಎಡ್. ಓದದಿದ್ದರೂ ತಿಳಿಯಬೇಕಾದದ್ದು. ಸೆರೆಯಲ್ಲಿ ಮೇರಿ ಕಸೂತಿ ಹಾಕುತ್ತಿದ್ದಳು, ಬಹಳ ಚೆನ್ನಾಗಿ. 1579ರಲ್ಲಿ ತನ್ನ ಕಾರ್ಯದರ್ಶಿಯ ಕೈಯಲ್ಲಿ ಮಗನಿಗೆ ಕಾಗದ, ಉಡುಗೊರೆ ಕಳಿಸಿದಳು. ಅವನು ಬರಿಗೈಯಲ್ಲಿ ಹಿಂದಿರುಗಿದ. ಕಾಗದದ ಮೇಲೆ 'ರಾಜಕುಮಾರನಿಗೆ' ಎಂದು ಬರೆದಿತ್ತು, 'ರಾಜನಿಗೆ' ಎಂದಲ್ಲ. ಆ ವಿಳಾಸಕ್ಕೆ ಬಾಗಿಲು ತೆರೆಯಲಿಲ್ಲ. ಅವಳ ಲೆಕ್ಕದಲ್ಲೂ ಮಗ ಇನ್ನೂ ಚಿಕ್ಕವನು. ಆಮೇಲೆ ಅವನು ಇಂಗ್ಲೆಂಡಿಗೂ ರಾಜನಾಗಿ, 1612ರಲ್ಲಿ ತಾಯಿಯ ದೇಹವನ್ನು ಲಂಡನ್ನಿಗೆ ತರಿಸಿ ದೊಡ್ಡ ಸಮಾಧಿ ಮಾಡಿಸಿದ.

ಎಲ್ಲ ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ, "ಪುಟ್ಟೀನ ನಾನು ಕರ್ಕೊಂಡು ಹೋಗಲ್ಲ ಕಣೆ" ಅಂದೆ.

ಅವಳು ಅಚ್ಚರಿಪಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಕಷ್ಟ ಆಗುತ್ತಾ?" ಅಂದಳು.

"ನಂಗೇನು ಕಷ್ಟ, ನಂಗೆ ಹಬ್ಬ. ಒಂದೂವರೆ ವರ್ಷದ ಮೇಲೆ ನೀನು ಬಂದಾಗ ಇವಳು ನನ್ನ ಸೆರಗಿನ ಹಿಂದೆ ಹೋಗಿ ನಿಲ್ತಾಳೆ. ಅದನ್ನ ನೀನು ನೋಡೋದು ಬೇಡ."

ಇಪ್ಪತ್ತೇಳು ಇಪ್ಪತ್ತೆಂಟು ವರ್ಷದಲ್ಲಿ ನಾವಿಬ್ಬರೂ ಈ ಮಾತನ್ನು ಆಡಿರಲಿಲ್ಲ. ಮನೆಯಲ್ಲಿ 'ಬಸ್ಸಮ್ಮ' ಎಂಬುದು ಒಂದು ನಗೆಚಾಟಿಕೆಯಾಗಿಯೇ ಉಳಿದಿತ್ತು. ಮಗಳು ಪುಟ್ಟಿಯ ಕಾಲಿಗೆ ಕಾಲುಚೀಲ ಹಾಕುತ್ತಾ ಹೇಳಿದಳು: "ನಂಗೆ ಅದೆಲ್ಲ ನೆನಪಿಲ್ಲಮ್ಮ. ಅಜ್ಜಿ ಮಡಿಲು ನೆನಪಿದೆ, ಅಷ್ಟೆ. ಆದರೆ ಈಗಲೂ ಊರಿಗೆ ಬಂದಾಗ ಕೆಂಪು ಬಸ್ಸು ನಿಲ್ಲೋ ಸದ್ದು ಕೇಳಿದರೆ ಹೊಟ್ಟೆ ಒಳಗೆ ಒಂಥರಾ ಆಗುತ್ತೆ. ಯಾಕೆ ಅಂತ ಗೊತ್ತಾಗ್ತಿರಲಿಲ್ಲ."

ನಾನು ಏನನ್ನೂ ಹೇಳಲಿಲ್ಲ. ಹೇಳುವುದಕ್ಕೆ ಹೋಗಿದ್ದರೆ ಅತ್ತುಬಿಡುತ್ತಿದ್ದೆ, ಆ ಜರ್ಮನ್ ಮುದುಕ ಮತ್ತೆ ಓಡಿ ಬರುತ್ತಿದ್ದ. ಡಬ್ಬಿ ತೊಳೆಯಲು ನೀರು ಎಲ್ಲಿದೆ ಎಂದು ಹುಡುಕಿಕೊಂಡು ಹೋದೆ.

ಇಳಿಯುವಾಗ ಆ ಇಗರ್ಜಿಯ ಮುಂದೆ ಒಂದು ನಿಮಿಷ ನಿಂತೆವು. ಸ್ಟೇಷನ್ನಿನ ಹತ್ತಿರ ಅಂಗಡಿಯೊಂದರಲ್ಲಿ ಅಳಿಯನಿಗೆಂದು ಬೆಣ್ಣೆ ಬಿಸ್ಕತ್ತು ತೆಗೆದುಕೊಂಡರೆ, ಡಬ್ಬಕ್ಕೆ ಕೆಂಪು ಬಿಳಿ ದಾರ ಸುತ್ತಿ ಕೊಟ್ಟರು. ರೈಲಿನಲ್ಲಿ ಪುಟ್ಟಿ ನನ್ನ ತೊಡೆಯ ಮೇಲೆ ಮಲಗಿದಳು. ಶಿಶುವಿಹಾರಕ್ಕೆ ವಾರದಲ್ಲಿ ನಾಲ್ಕು ದಿನ, ಅಳಿಯ ಒಂದು ದಿನ ಮನೆಯಿಂದ ಕೆಲಸ, ಅಡುಗೆಗೆ ಭಾನುವಾರವೇ ಸಾರಿನ ಪುಡಿ ಗೊಜ್ಜು ಮಾಡಿಟ್ಟುಕೊಳ್ಳುವುದು, ಹೀಗೆ ಇಬ್ಬರೂ ಲೆಕ್ಕ ಹಾಕುತ್ತಾ ಬಂದೆವು. ಲೆಕ್ಕ ಸಲೀಸಾಗಿ ಕೂಡಲಿಲ್ಲ. ನನ್ನ ಸಂಬಳದಿಂದ ತಿಂಗಳಿಗಿಷ್ಟು ಕಳಿಸುತ್ತೇನೆ ಎಂದೆ, ರೂಪಾಯಿ ಪೌಂಡಾದರೆ ಎಷ್ಟಾಗುತ್ತದೆಂದು ಅವಳು ನಗುತ್ತಾ ಹೇಳಿದಳು, ನಾನು ಬಾಯಿ ಮುಚ್ಚಿಕೊಂಡೆ.

ಆ ವಾರದ ಕೊನೆಗೆ ನಾನು ಹೊರಡುವ ದಿನ ಬೆಳಿಗ್ಗೆ, ಮಗಳು ಬಿಸ್ಕತ್ತಿನ ದಾರ ತಂದು, ಒದ್ದಾಡುವ ಪುಟ್ಟಿಯನ್ನು ಹಾಸಿಗೆಯ ಮೇಲೆ ನೆಟ್ಟಗೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದು ಕತ್ತರಿಸಿ ನನ್ನ ಪರ್ಸಿನಲ್ಲಿಟ್ಟಳು. ಅದಾದ ಮೇಲೆ ಇದುವರೆಗೆ ಲಕೋಟೆಯಲ್ಲಿ ಇನ್ನೂ ನಾಲ್ಕು ಬಂದಿವೆ. ಎಲ್ಲವನ್ನೂ ಬೀರುವಿನ ಬಾಗಿಲಿನ ಒಳಗೆ ಮೊಳೆಗೆ ಕಟ್ಟಿದ್ದೇನೆ. ಯಜಮಾನರಿಗೆ ಇದು ಹುಚ್ಚಾಟ. ದಿನಾ ಫೋನಿನಲ್ಲಿ ಮಗು ಕಾಣಿಸುತ್ತದಲ್ಲ, ದಾರ ಯಾತಕ್ಕೆ ಎನ್ನುತ್ತಾರೆ.

ಹೊಸ ಫ್ರಾಕು ಹೊಲಿಸಿ ಕಳಿಸಿದ್ದೆ. ಸರಿಯಾಗಿ ಆಯಿತಂತೆ.